ಕೂರುವ ಹೆಡ್ಡು, ಹೊಂದುವ ಹೆಡ್ಡು

ಎಂಜಿನ್ ಒಂದು ನಿಮಿಷ ಚೆನ್ನಾಗಿಯೇ ಓಡಿತು. ಮೂರು ವಾರಗಳಿಂದ ಬಿಚ್ಚಿ ಹರಡಿಕೊಂಡಿದ್ದ ನಮ್ಮ ಮಾರುತಿ ಓಮ್ನಿ ವ್ಯಾನು ಕೊನೆಗೂ ಜೀವ ತಳೆಯಿತೆಂದು ಗ್ಯಾರೇಜಿನಲ್ಲಿದ್ದವರೆಲ್ಲ ಸಮಾಧಾನಪಡುವಷ್ಟರಲ್ಲಿ ಅದು ಎರಡು ಸಲ ಮುಗ್ಗರಿಸಿ ನಿಂತುಹೋಯಿತು. ಮೆಕ್ಯಾನಿಕ್, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬೊರೇಟರಿಗೆ ಮತ್ತೊಂದಿಷ್ಟು ಪೆಟ್ರೋಲ್ ಹೊಯ್ದರು. ಮತ್ತೆ ಒಂದು ನಿಮಿಷ ಓಡಿತು, ಮತ್ತೆ ನಿಂತಿತು. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು, ಪೈಪು ಕಟ್ಟಿಕೊಂಡಿರಲಿಲ್ಲ, ಪಂಪಿನ ಡಯಾಫ್ರಂ ಹರಿದಿರಲಿಲ್ಲ. ನಾನು ತಂದು ಕೊಟ್ಟಿದ್ದ ಸೆಕೆಂಡ್ ಹ್ಯಾಂಡ್ ಹೆಡ್ಡು, ಅಂದರೆ ಎಂಜಿನ್ನಿನ ಮೇಲ್ಭಾಗ, ಸಿಲಿಂಡರುಗಳಿರುವ ಬ್ಲಾಕಿನ ಮೇಲೆ ಕೂದಲೆಳೆಯ ವ್ಯತ್ಯಾಸವೂ ಇಲ್ಲದಂತೆ ಕೂತಿತ್ತು. ಆದರೂ ಅದು ನಮ್ಮ ಗಾಡಿಗೆ ಸೇರಿದ ಹೆಡ್ಡಾಗಿರಲಿಲ್ಲ.

ಹಳೆಯ ಗಾಡಿಗೆ ಬಳಸಿದ ಎಂಜಿನ್ ಭಾಗವನ್ನು ಕೊಳ್ಳುವಾಗ ಏನನ್ನು ಯಾವುದರ ಜೊತೆ ಹೋಲಿಸಿ ನೋಡಬೇಕು ಎಂಬುದನ್ನು ಈ ಪ್ರಸಂಗದಿಂದ ನಾನು ಕಲಿತೆ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯ ಹಳ್ಳಿಗಳಲ್ಲಿ ಇಪ್ಪತ್ತು, ಇಪ್ಪತ್ತೈದು ವರ್ಷ ದಾಟಿದ ಓಮ್ನಿಗಳು ಇಂದಿಗೂ ಹಾಲಿನ ಕ್ಯಾನು, ಸೊಪ್ಪಿನ ಕಟ್ಟು, ರೇಷ್ಮೆಗೂಡಿನ ಚೀಲ ಹೊತ್ತು ಓಡಾಡುತ್ತಿರುವುದರಿಂದ, ಕಲಿತದ್ದನ್ನು ಬರೆದಿಟ್ಟರೆ ಯಾರಿಗಾದರೂ ಒಂದು ಸುತ್ತಿನ ಓಡಾಟ ಉಳಿದೀತು ಎಂದುಕೊಂಡಿದ್ದೇನೆ.

ನಮ್ಮದು ರೇಷ್ಮೆ ಬೆಳೆಯುವ ಮನೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ನಮ್ಮ ಓಮ್ನಿ ಅದಕ್ಕೆ ಹತ್ತು ವರ್ಷ ಹಿಂದಿನದಾದ್ದರಿಂದ ಅದರ ಮೇಲೆ ಕೋಲಾರದ ಕೆಎ 07 ಸಂಖ್ಯೆಯೇ ಇದೆ. ನಮ್ಮ ತಂದೆ ಅದನ್ನು ಹೊಸದಾಗಿ ಕೊಂಡು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಸ್ವತಃ ಓಡಿಸಿಕೊಂಡು ಹೋಗುತ್ತಿದ್ದವರು. ಕಳೆದ ಬೇಸಿಗೆಯಲ್ಲಿ ಗೂಡು ತುಂಬಿಕೊಂಡು ಹೋಗುವಾಗ ರೇಡಿಯೇಟರಿನ ಹೋಸ್ ಬಿರಿಯಿತು. ಓಮ್ನಿಯಲ್ಲಿ ರೇಡಿಯೇಟರ್ ಮುಂದಿದ್ದು ಎಂಜಿನ್ ಮುಂದಿನ ಸೀಟುಗಳ ಕೆಳಗಿರುವುದರಿಂದ ನೀರಿನ ದಾರಿ ಉದ್ದವಾಗಿದೆ, ಹೋಸುಗಳೂ ಉದ್ದವಾಗಿವೆ. ಎಲ್ಲೋ ಒಂದು ಕಡೆ ಸೋರಿಕೆ ಶುರುವಾದರೆ ಚಾಲಕನಿಗೆ ಅದು ಕಣ್ಣಿಗೆ ಬೀಳುವುದಿಲ್ಲ. ಹರಾಜಿನ ಹೊತ್ತು ಮೀರಿದರೆ ಗೂಡು ಮರುದಿನಕ್ಕೆ ಉಳಿಯುತ್ತದೆ, ಉಳಿದರೆ ತೂಕ ಇಳಿಯುತ್ತದೆ. ಆ ಆತಂಕದಲ್ಲಿ ಶಾಖದ ಮುಳ್ಳು ಮೇಲಕ್ಕೆ ಏರಿದ ಮೇಲೂ ಮೂರು ಕಿಲೋಮೀಟರ್ ಓಡಿಸಿದೆ. ನಿಲ್ಲಿಸಿದ ಮೇಲೆ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು: ಕಾದ ಎಂಜಿನ್ನಿಗೆ ಹತ್ತಿರದ ತೊಟ್ಟಿಯ ತಣ್ಣೀರನ್ನು ಹೊಯ್ದೆ.

ಈ ಎಂಜಿನ್ನಿನ ಬ್ಲಾಕು ಎರಕದ ಕಬ್ಬಿಣದ್ದು, ಹೆಡ್ಡು ಅಲ್ಯುಮಿನಿಯಂನದು. ಒಂದೇ ಶಾಖಕ್ಕೆ ಅಲ್ಯುಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟುಗಳು ಬಿಗಿದು ಹಿಡಿದಿರುವಾಗ ಅದು ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ, ಥಟ್ಟನೆ ತಣಿದರೆ ಅತ್ಯಂತ ತೆಳುವಾಗಿರುವ ಕಡೆ, ಅಂದರೆ ಎರಡು ವಾಲ್ವ್ ಸೀಟುಗಳ ನಡುವಿನ ಸೇತುವೆಯಲ್ಲಿ, ಬಿರುಕು ಬಿಡುತ್ತದೆ. ನಮ್ಮದರಲ್ಲಿ ನಡುವಿನ ಸಿಲಿಂಡರಿನ ಬಳಿ ಅದೇ ಆಗಿತ್ತು. ವೆಲ್ಡಿಂಗ್ ಮಾಡಿಸುವ ಮಾತು ಬಂದರೂ, ವಾಲ್ವ್ ಸೀಟಿನೊಳಕ್ಕೆ ಇಳಿದ ಬಿರುಕಿಗೆ ವೆಲ್ಡಿಂಗ್ ಹೆಚ್ಚು ದಿನ ತಾಳುವುದಿಲ್ಲವೆಂದು ಮೆಕ್ಯಾನಿಕ್ ಸ್ಪಷ್ಟವಾಗಿ ಹೇಳಿದರು. ಅವರು ನಮ್ಮ ತಂದೆಯ ಕಾಲದಿಂದ ಈ ಗಾಡಿಯನ್ನು ನೋಡಿಕೊಳ್ಳುತ್ತಿರುವವರು. ನಾನು ಚಿಕ್ಕಂದಿನಿಂದ ಅವರನ್ನು ಭಾಯ್ ಎಂದೇ ಕರೆಯುತ್ತೇನೆ.

ಬೇರೆ ಹೆಡ್ಡು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಪರಿಚಿತರೊಬ್ಬರು ತೋರಿಸಿದ ಗುಜರಿ ಅಂಗಡಿಯಲ್ಲಿ ಒಂದು ಹೆಡ್ಡು ಸಿಕ್ಕಿತು. ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಸುವ ದಂಡ), ಅದರ ಒತ್ತನ್ನು ವಾಲ್ವಿಗೆ ತಲುಪಿಸುವ ರಾಕರ್, ವಾಲ್ವುಗಳ ಸಮೇತ ಇಡೀ ಜೋಡಣೆ, ನೋಡಲು ಬಹಳ ಶುಚಿ. "ಏಯ್ಟ್ ಹಂಡ್ರೆಡ್ದೂ ಓಮ್ನಿದೂ ಒಂದೇ ಎಂಜಿನ್ ಸಾರ್, ಕಣ್ಣು ಮುಚ್ಕೊಂಡು ತಗೊಂಡು ಹೋಗಿ" ಎಂದು ಅಂಗಡಿಯವರು ಹೇಳಿದರು. ಆ ಮಾತು ಸಂಪೂರ್ಣ ಸುಳ್ಳಲ್ಲ, ಮತ್ತು ತೊಂದರೆ ಹುಟ್ಟಿದ್ದು ಅಲ್ಲಿಂದಲೇ. ಮಾರುತಿ 800 ಮತ್ತು ಓಮ್ನಿ ಎರಡರಲ್ಲೂ ಎಫ್8ಬಿ ಎಂಬ ಮೂರು ಸಿಲಿಂಡರಿನ, 796 ಸಿಸಿ ಎಂಜಿನ್ ಇತ್ತು. ಸಿಲಿಂಡರಿನ ವ್ಯಾಸ 68.5 ಮಿ.ಮೀ., ಪಿಸ್ಟನ್ನಿನ ಓಟ 72 ಮಿ.ಮೀ. ಆದರೆ ಆ ಹೆಸರಿನ ಕೆಳಗೆ ಹಲವು ವರ್ಷಗಳ, ಹಲವು ಬಗೆಯ ಎಂಜಿನ್ನುಗಳು ಬಂದಿವೆ. ಮೊದಲು ಕಾರ್ಬೊರೇಟರಿನವು, ಆಮೇಲೆ ಪೆಟ್ರೋಲನ್ನು ಇಂಜೆಕ್ಟರುಗಳಿಂದ ಚಿಮ್ಮಿಸುವ ಎಂಪಿಎಫ್‌ಐನವು. ಅದೇ 796 ಸಿಸಿಯಲ್ಲಿ, ಅದೇ ವ್ಯಾಸ ಮತ್ತು ಓಟದಲ್ಲಿ ಎಫ್8ಡಿ ಎಂಬ ಮತ್ತೊಂದು ಎಂಜಿನ್ 2000ದ ಹೊತ್ತಿಗೆ ಆಲ್ಟೊಗೂ ಐದು ಗೇರಿನ 800ಕ್ಕೂ ಬಂತು. ಅದರಲ್ಲಿ ಸಿಲಿಂಡರಿಗೆ ನಾಲ್ಕರಂತೆ ಹನ್ನೆರಡು ವಾಲ್ವ್, ನಮ್ಮದರಲ್ಲಿ ಸಿಲಿಂಡರಿಗೆ ಎರಡರಂತೆ ಆರು. ಎಫ್8ಡಿಯನ್ನು ವಾಲ್ವ್ ಎಣಿಸಿಯೇ ಬದಿಗಿಡಬಹುದು. ಎಫ್8ಬಿಯಲ್ಲೇ ಇರುವ ಒಳಭೇದಗಳು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ನಾನು ತಂದದ್ದು ಎಂಪಿಎಫ್‌ಐ ಗಾಡಿಯಿಂದ ಇಳಿಸಿದ ಹೆಡ್ಡು. ಕಾರ್ಬೊರೇಟರ್ ಗಾಡಿಯಲ್ಲಿ ಪೆಟ್ರೋಲನ್ನು ಎಳೆದು ತರುವುದು ಎಂಜಿನ್ನಿಗೇ ಕೂತಿರುವ ಚಿಕ್ಕ ಯಾಂತ್ರಿಕ ಪಂಪು; ಕ್ಯಾಮ್‌ಶಾಫ್ಟಿನ ಮೇಲಿರುವ ಒಂದು ಉಬ್ಬು ಪ್ರತಿ ಸುತ್ತಿಗೆ ಆ ಪಂಪಿನ ತೋಳನ್ನು ಒತ್ತುತ್ತದೆ. ಎಂಪಿಎಫ್‌ಐ ಗಾಡಿಯಲ್ಲಿ ವಿದ್ಯುತ್ ಪಂಪು ಟ್ಯಾಂಕಿನೊಳಗೇ ಇರುತ್ತದೆ, ಹಾಗಾಗಿ ಕ್ಯಾಮ್‌ಶಾಫ್ಟಿಗೆ ಆ ಕೆಲಸವಿಲ್ಲ. ನಮಗೆ ಸಿಕ್ಕಿದ ಹೆಡ್ಡಿನಲ್ಲಿ ಪಂಪಿನ ಜಾಗವನ್ನು ಒಂದು ಮುಚ್ಚಳ ಹಾಕಿ ಮುಚ್ಚಿದ್ದರು. ಗ್ಯಾರೇಜಿನ ಹುಡುಗ ಮುಚ್ಚಳ ತೆಗೆದು ನಮ್ಮ ಪಂಪನ್ನು ಅಲ್ಲಿ ಕೂರಿಸಿದ. ಬೋಲ್ಟು ಹೊಂದಿತು, ನಡುವೆ ಸೋರಿಕೆ ತಡೆಯುವ ಗ್ಯಾಸ್ಕೆಟ್ ಹೊಂದಿತು. ಒಳಗೆ ಪಂಪಿನ ತೋಳನ್ನು ಒತ್ತುವ ಉಬ್ಬೇ ಇಲ್ಲವೆಂಬುದು, ಎಂಜಿನ್ ಮೂರನೆಯ ಸಲ ನಿಂತಾಗ ಭಾಯ್ ಪಂಪನ್ನು ಬಿಚ್ಚಿ ಬೆರಳಿಟ್ಟು ನೋಡಿದ ಮೇಲೆ ತಿಳಿಯಿತು.

ಎರಡು ಅಡ್ಡದಾರಿಗಳು ಇದ್ದವು, ಎರಡನ್ನೂ ಯೋಚಿಸಿದೆವು. ನಮ್ಮ ಹಳೆಯ ಕ್ಯಾಮ್‌ಶಾಫ್ಟನ್ನೇ ಈ ಹೆಡ್ಡಿಗೆ ತೂರಿಸುವುದು ಮೊದಲನೆಯದು. ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟಿಗೆ ಪ್ರತ್ಯೇಕ ಬೇರಿಂಗ್ ಇಲ್ಲ, ಅದು ಹೆಡ್ಡಿನ ಅಲ್ಯುಮಿನಿಯಂನಲ್ಲೇ ಕೊರೆದ ರಂಧ್ರಗಳಲ್ಲಿ ಎಣ್ಣೆಯ ಪದರದ ಮೇಲೆ ತಿರುಗುತ್ತದೆ. ಒಂದು ಹೆಡ್ಡಿನಲ್ಲಿ ಲಕ್ಷ ಕಿಲೋಮೀಟರ್ ಸವೆದ ಶಾಫ್ಟನ್ನು ಮತ್ತೊಂದು ಹೆಡ್ಡಿನಲ್ಲಿ ಸವೆದ ರಂಧ್ರಕ್ಕೆ ಹಾಕಿದರೆ ಎರಡು ಸವೆತಗಳೂ ಕೂಡಿಕೊಳ್ಳುತ್ತವೆ. ನಾವು ಹಾಕಿ ನೋಡಿದಾಗ ಅಲುಗಾಟ ಕೈಗೇ ಗೊತ್ತಾಗುವಷ್ಟಿತ್ತು. ಅಷ್ಟು ಸಡಿಲವಿದ್ದರೆ ಎಣ್ಣೆಯ ಒತ್ತಡ ಅಲ್ಲೇ ಸೋರಿಹೋಗುತ್ತದೆ. ಎರಡನೆಯದು ಹೊರಗಿನಿಂದ ವಿದ್ಯುತ್ ಪಂಪು ಜೋಡಿಸುವುದು. ಎಂಪಿಎಫ್‌ಐ ಪಂಪಿನ ಒತ್ತಡ ಸುಮಾರು 3 ಬಾರ್, ಕಾರ್ಬೊರೇಟರಿನ ಸೂಜಿ ತಡೆಯಬಲ್ಲದ್ದು ಅದರ ಹತ್ತನೆಯ ಒಂದು ಭಾಗ. ಕಾರ್ಬೊರೇಟರಿಗೆಂದೇ ಕಡಿಮೆ ಒತ್ತಡದ ಪಂಪುಗಳು ಸಿಗುತ್ತವೆಯಾದರೂ, ಎಂಜಿನ್ ನಿಂತ ಮೇಲೂ ಪೆಟ್ರೋಲ್ ತಳ್ಳುತ್ತಲೇ ಇರಬಹುದಾದ ಒಂದು ಪಂಪನ್ನು, ಜನ ಕೂರುವ ಸೀಟಿನ ಕೆಳಗೆ ಎಂಜಿನ್ ಇರುವ ಗಾಡಿಗೆ, ರಕ್ಷಣೆಯ ವ್ಯವಸ್ಥೆಯಿಲ್ಲದೆ ಜೋಡಿಸಲು ನನಗೆ ಮನಸ್ಸು ಬರಲಿಲ್ಲ. ಈಗಲೂ ಆ ನಿರ್ಧಾರ ಸರಿಯೆಂದೇ ನಂಬಿದ್ದೇನೆ. ಅಂಗಡಿಯವರು ಹೆಡ್ಡನ್ನು ವಾಪಸು ತೆಗೆದುಕೊಳ್ಳಲಿಲ್ಲ. ಕೊಳ್ಳುವಾಗ ಆ ಮಾತನ್ನು ಬರೆಸಿಕೊಂಡಿರಲಿಲ್ಲವಾದ್ದರಿಂದ ಕೇಳಲು ನನಗೂ ಆಧಾರವಿರಲಿಲ್ಲ.

ಎರಡನೆಯ ಸಲ ಹುಡುಕಲು ಹೊರಡುವ ಮುನ್ನ ಭಾಯ್ ನನ್ನನ್ನು ಕೂರಿಸಿಕೊಂಡು ಅರ್ಧ ದಿನ ಪಾಠ ಹೇಳಿದರು. "ನೋಡಪ್ಪಾ, ಗಾಡಿ ಹೆಸರು ಹೇಳಿ ಪಾರ್ಟು ಕೇಳಬೇಡ, ಪಾರ್ಟು ತೋರಿಸಿ ಪಾರ್ಟು ಕೇಳು" ಎಂಬುದು ಅವರ ಮೊದಲ ಮಾತು. ಬಿರುಕು ಬಿಟ್ಟ ಹಳೆಯ ಹೆಡ್ಡನ್ನು ತೊಳೆದು ಗೋಣಿಚೀಲದಲ್ಲಿ ಕಟ್ಟಿಕೊಟ್ಟರು. ಅದರ ಜೊತೆಗೆ ಆರ್‌ಸಿಯ ಪ್ರತಿಯಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ಗುರುತು ಮಾಡಿಕೊಟ್ಟರು. ಮಾದರಿಯ ವರ್ಷವೆಂದು ಜನ ಹೇಳುವುದು ಸಾಮಾನ್ಯವಾಗಿ ನೋಂದಣಿಯ ವರ್ಷ. ಡಿಸೆಂಬರಿನಲ್ಲಿ ತಯಾರಾಗಿ ಫೆಬ್ರವರಿಯಲ್ಲಿ ನೋಂದಣಿಯಾದ ಗಾಡಿಯ ಎಂಜಿನ್ ಹಿಂದಿನ ವರ್ಷದ ವಿನ್ಯಾಸದ್ದಾಗಿರಬಹುದು, ಆದ್ದರಿಂದ ತಯಾರಿಕೆಯ ತಿಂಗಳನ್ನೇ ಹಿಡಿಯಬೇಕು. ಮೊದಲು ಹೊಸ ಭಾಗಗಳ ಅಂಗಡಿಗೆ ಹೋಗಿ ಆ ಸಂಖ್ಯೆಗಳನ್ನು ತೋರಿಸಿ, ನಮ್ಮ ಗಾಡಿಯದೇ ಹೊಸ ಹೆಡ್ ಗ್ಯಾಸ್ಕೆಟ್ ಕೊಂಡೆ. ಹೇಗಿದ್ದರೂ ಅದು ಬೇಕೇ ಬೇಕು. ಮೊದಲೇ ಕೊಂಡದ್ದರಿಂದ ಅದು ನನ್ನ ಅಳತೆಪಟ್ಟಿಯೂ ಆಯಿತು.

ಬೆಂಗಳೂರಿನ ಶಿವಾಜಿನಗರದ ಗುಜರಿ ಬೀದಿಗಳನ್ನು ಕಂಡವರಿಗೆ ಅಲ್ಲಿ ಎಂಜಿನ್ನುಗಳು ಹೇಗೆ ರಾಶಿ ಬಿದ್ದಿರುತ್ತವೆಂಬುದು ಗೊತ್ತು. ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದವರೆಗೆ ಏಳು ಅಂಗಡಿ ಸುತ್ತಿದೆ. ಪ್ರತಿ ಕಡೆಯೂ ಮಾಡಿದ್ದು ಒಂದೇ ಕೆಲಸ. ಅವರು ತೋರಿಸಿದ ಹೆಡ್ಡನ್ನು ಮಗುಚಿ, ಅದರ ಮೇಲೆ ಹೊಸ ಗ್ಯಾಸ್ಕೆಟ್ ಇಟ್ಟು, ಬೋಲ್ಟಿನ ರಂಧ್ರ, ನೀರಿನ ರಂಧ್ರ, ಎಣ್ಣೆ ಮೇಲೇರುವ ರಂಧ್ರ ಮೂರನ್ನೂ ಬೇರೆ ಬೇರೆಯಾಗಿ ನೋಡುತ್ತಿದ್ದೆ. ಬೋಲ್ಟಿನ ರಂಧ್ರಗಳು ಹೊಂದಿದರೆ ಹೆಡ್ಡು ಕೂರುತ್ತದೆ ಎಂದಷ್ಟೇ ಅರ್ಥ. ನೀರಿನ ರಂಧ್ರವೊಂದು ಗ್ಯಾಸ್ಕೆಟ್ಟಿನಲ್ಲಿದ್ದು ಹೆಡ್ಡಿನಲ್ಲಿ ಇಲ್ಲದಿದ್ದರೆ ಆ ಮೂಲೆಗೆ ನೀರು ಹರಿಯುವುದಿಲ್ಲ, ಎಣ್ಣೆಯ ರಂಧ್ರದ ಅಂಚು ಅರ್ಧ ಮುಚ್ಚಿಹೋದರೆ ರಾಕರುಗಳು ಒಣಗುತ್ತವೆ. ಉರಿಯುವ ಕೋಣೆಯ ಅಂಚು ಗ್ಯಾಸ್ಕೆಟ್ಟಿನ ಲೋಹದ ಬಳೆಯ ಒಳಗೇ ಇರಬೇಕು; ಬಳೆ ಒಳಕ್ಕೆ ಚಾಚಿಕೊಂಡರೆ ಅದು ಕಾದು ಕೆಂಡವಾಗಿ ಸುಟ್ಟುಹೋಗುತ್ತದೆ. ಹೀಗೆ ನೋಡಿದಾಗ ಎರಡು ಹೆಡ್ಡುಗಳು ಮೊದಲ ನೋಟದಲ್ಲೇ ಬಿದ್ದುಹೋದವು.

ಆಮೇಲೆ ನಮ್ಮ ಹಳೆಯ ಹೆಡ್ಡನ್ನು ಪಕ್ಕದಲ್ಲಿಟ್ಟು ಸುತ್ತಲೂ ತಿರುಗಿಸಿ ಹೋಲಿಸಬೇಕು. 800ರಲ್ಲಿ ಎಂಜಿನ್ ಗಾಡಿಯ ಮುಂಭಾಗದಲ್ಲಿ ಅಡ್ಡಲಾಗಿ ಕೂತು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಓಮ್ನಿಯಲ್ಲಿ ಅದು ಉದ್ದಕ್ಕೆ ಕೂತು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಎಂಜಿನ್ನಿನ ಹೆಸರು ಒಂದೇ ಆದರೂ ಅದು ಕೂರುವ ದಿಕ್ಕು ಬದಲಾದಾಗ ಅದಕ್ಕೆ ಸುತ್ತಲೂ ಅಂಟಿಕೊಳ್ಳುವ ಭಾಗಗಳು ಬದಲಾಗುತ್ತವೆ. ಮೌಂಟಿಂಗ್ ಬ್ರಾಕೆಟ್, ಕೆಳಗಿನ ಎಣ್ಣೆ ಚೇಂಬರ್, ಗಾಳಿ ಮತ್ತು ಹೊಗೆ ಹಾಯುವ ಮ್ಯಾನಿಫೋಲ್ಡ್, ಸೈಲೆನ್ಸರ್ ಪೈಪಿನ ಬಾಯಿ, ನೀರಿನ ಕೊಳವೆ ಹೊರಡುವ ದಿಕ್ಕು ಇವೆಲ್ಲವನ್ನೂ ಒಂದೊಂದಾಗಿ ತಾಳೆ ನೋಡಬೇಕಾಗುತ್ತದೆ. ಇಡೀ ಎಂಜಿನ್ ಕೊಳ್ಳುವವರು ಇಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು. 800ರ ಎಂಜಿನ್ ಅಗ್ಗವಾಗಿ ಸಿಕ್ಕಿತೆಂದು ತಂದು, ಅದಕ್ಕೆ ತಮ್ಮ ಓಮ್ನಿಯ ಹಳೆಯ ಎಂಜಿನ್ನಿನಿಂದ ಏನೇನು ಬಿಚ್ಚಿ ಹಾಕಬೇಕಾಗುತ್ತದೆಂಬುದನ್ನು ಮೊದಲೇ ಲೆಕ್ಕ ಹಾಕದವರು, ಹಳೆಯ ಎಂಜಿನ್ನನ್ನು ಅದೇ ಅಂಗಡಿಗೆ ತೂಕಕ್ಕೆ ಕೊಟ್ಟು ಬಂದಿರುತ್ತಾರೆ. ಹೊಸದು ಓಡಿ ತಿಂಗಳಾಗುವವರೆಗೆ ಹಳೆಯದನ್ನು ಕೈಬಿಡಬಾರದು. ನಾನು ಹೆಡ್ಡನ್ನಷ್ಟೇ ಕೊಳ್ಳುತ್ತಿದ್ದುದರಿಂದ, ನಮ್ಮದೇ ಮ್ಯಾನಿಫೋಲ್ಡುಗಳ ಗ್ಯಾಸ್ಕೆಟ್ಟುಗಳನ್ನು ಎರಡೂ ಪಕ್ಕಕ್ಕೆ ಹಿಡಿದು ನೋಡಿದೆ, ಪಂಪಿನ ಜಾಗಕ್ಕೆ ಬೆರಳು ಹಾಕಿ ಕ್ಯಾಮ್‌ಶಾಫ್ಟನ್ನು ತಿರುಗಿಸಿ ಉಬ್ಬು ಬೆರಳಿಗೆ ತಾಗುವುದನ್ನು ಖಚಿತಪಡಿಸಿಕೊಂಡೆ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕೂರುವ ಕಡೆಯ ಹಲ್ಲುಗಳನ್ನು ಎಣಿಸಿದೆ. ಐದನೆಯ ಅಂಗಡಿಯ ಹೆಡ್ಡು ಇವೆಲ್ಲದರಲ್ಲೂ ಹೊಂದಿತು.

ಹೊಂದಿದ ಮಾತ್ರಕ್ಕೆ ಕೊಳ್ಳುವಂತಿರಲಿಲ್ಲ. ಬಳಸಿದ ಭಾಗದ ಹಿಂದೆ ಒಂದು ಜೀವನ ಇರುತ್ತದೆ, ಆ ಜೀವನದ ಗುರುತುಗಳು ಲೋಹದ ಮೇಲೆ ಉಳಿದಿರುತ್ತವೆ. ನಮ್ಮ ಕಡೆಯ ಗಾಡಿಗಳ ವಿಷಯದಲ್ಲಿ ಮೊದಲು ನೋಡಬೇಕಾದದ್ದು ನೀರಿನ ಗುರುತು. ಚಿಕ್ಕಬಳ್ಳಾಪುರ, ಕೋಲಾರ ಎರಡೂ ಜಿಲ್ಲೆಗಳಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಸಾಮಾನ್ಯ. ಆ ಆಳದಿಂದ ಬರುವ ನೀರು ಗಡಸು, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ಎಲ್ಲರ ಮನೆಯಲ್ಲೂ ನೋಡಬಹುದು. ಕೂಲಂಟ್ ಹಾಕದೆ ವರ್ಷಗಟ್ಟಲೆ ಅದೇ ನೀರನ್ನು ರೇಡಿಯೇಟರಿಗೆ ತುಂಬಿದ ಗಾಡಿಯ ಹೆಡ್ಡಿನಲ್ಲಿ ನೀರಿನ ದಾರಿಗಳು ಒಂದು ಕಡೆ ಉಪ್ಪು ಕಟ್ಟಿ ಕಿರಿದಾಗಿರುತ್ತವೆ, ಇನ್ನೊಂದು ಕಡೆ ಅಲ್ಯುಮಿನಿಯಂ ತಿಂದುಹೋಗಿ ರಂಧ್ರದ ಅಂಚು ಗ್ಯಾಸ್ಕೆಟ್ಟಿನ ಹಿಡಿತದವರೆಗೂ ಹರಡಿರುತ್ತದೆ. ಗ್ಯಾಸ್ಕೆಟ್ ಇಟ್ಟಾಗ ಆ ತಿಂದ ಭಾಗ ಗ್ಯಾಸ್ಕೆಟ್ಟಿನ ರಂಧ್ರದಿಂದ ಹೊರಗೆ ಇಣುಕಿದರೆ ಆ ಹೆಡ್ಡು ಬೇಡ. ನಮ್ಮ ಹಳೆಯ ಹೆಡ್ಡನ್ನು ಮೊದಲ ಬಾರಿಗೆ ಈ ಕಣ್ಣಿನಿಂದ ನೋಡಿದಾಗ, ಬಿರುಕು ಬಿಡದಿದ್ದರೂ ಅದು ಹೆಚ್ಚು ವರ್ಷ ಬಾಳುತ್ತಿರಲಿಲ್ಲವೆಂಬುದು ನನಗೆ ಅರಿವಾಯಿತು. ಇಷ್ಟು ವರ್ಷ ನಾವು ಹೊಲದ ಬೋರಿನ ನೀರನ್ನೇ ಹಾಕುತ್ತ ಬಂದಿದ್ದೆವು.

ಎರಡನೆಯ ಗುರುತು ಅನಿಲದ್ದು. ಓಮ್ನಿಗಳನ್ನು ಎಲ್‌ಪಿಜಿಗೆ ಬದಲಾಯಿಸಿ ಓಡಿಸಿದವರು ಬಹಳ ಮಂದಿ. ಅನಿಲದಲ್ಲಿ ಓಡಿದ ಎಂಜಿನ್ನಿನ ವಾಲ್ವ್ ಸೀಟುಗಳು, ವಿಶೇಷವಾಗಿ ಹೊಗೆ ಹೊರಡುವ ಕಡೆಯವು, ಬೇಗ ಸವೆದು ವಾಲ್ವುಗಳು ಹೆಡ್ಡಿನೊಳಕ್ಕೆ ಇಳಿದುಹೋಗುತ್ತವೆ. ವಾಲ್ವುಗಳ ಬಟ್ಟಲುಗಳ ಮೇಲೆ ಒಂದು ನೇರ ಪಟ್ಟಿಯಿಟ್ಟು ಮೂರೂ ಸಿಲಿಂಡರುಗಳಲ್ಲಿ ಅವು ಒಂದೇ ಮಟ್ಟದಲ್ಲಿವೆಯೇ ಎಂದು ನೋಡಿದರೆ ಇದು ತಿಳಿಯುತ್ತದೆ. ವಾಲ್ವಿನ ಸಡಿಲ ಹೊಂದಿಸುವ ಟ್ಯಾಪೆಟ್ ಸ್ಕ್ರೂಗಳು ಪೂರ್ತಿ ಮೇಲಕ್ಕೆ ತಿರುಗಿಸಿಕೊಂಡಿದ್ದರೂ ಅದೇ ಸಂಶಯ. ಸ್ಪಾರ್ಕ್ ಪ್ಲಗ್ಗಿನ 14 ಮಿ.ಮೀ. ಮರೆಗಳಿಗೆ (ತಿರುಪಿನ ಸುತ್ತುಗಳಿಗೆ) ಹೊಸ ಪ್ಲಗ್ ಒಂದನ್ನು ಕೈಯಲ್ಲೇ ಕೊನೆಯವರೆಗೆ ತಿರುಗಿಸಿ ನೋಡಿದೆ. ಸ್ಪ್ಯಾನರ್ ಇಲ್ಲದೆ ಇಳಿಯದ ಮರೆ ಒಮ್ಮೆ ಕೆಟ್ಟು ರಿಪೇರಿಯಾದದ್ದು ಎಂದು ತಿಳಿಯಬೇಕು.

ಅಂಗಡಿಯಲ್ಲಿ ಕಣ್ಣಿಗೆ ಸಿಗದ ಸಂಗತಿಗಳೂ ಇವೆ. ಅದಕ್ಕಾಗಿ ನಾನು ಈ ಸಲ ಒಂದು ಷರತ್ತು ಹಾಕಿದೆ: ಮಷೀನ್ ಶಾಪಿನಲ್ಲಿ ಪರೀಕ್ಷೆ ಮಾಡಿಸುವವರೆಗೆ ಮೂರು ದಿನ, ಅಷ್ಟರಲ್ಲಿ ಬಿರುಕು ಕಂಡರೆ ಹಣ ವಾಪಸು, ಮತ್ತು ಈ ಮಾತು ಬಿಲ್ಲಿನ ಮೇಲೆ ಬರಹದಲ್ಲಿ. ಅಂಗಡಿಯವರು ಒಪ್ಪಿ ಬರೆದುಕೊಟ್ಟರು. ಬೆಲೆ ಮೊದಲ ಹೆಡ್ಡಿಗಿಂತ ಎಂಟುನೂರು ರೂಪಾಯಿ ಹೆಚ್ಚಾಯಿತು. ಆ ಎಂಟುನೂರನ್ನು ಷರತ್ತಿಗೆ ಕೊಟ್ಟ ಬೆಲೆಯೆಂದು ಭಾವಿಸಿದೆ.

ಚಿಕ್ಕಬಳ್ಳಾಪುರದ ಮಷೀನ್ ಶಾಪಿನಲ್ಲಿ ಮೊದಲು ಹೆಡ್ಡನ್ನು ಬೆತ್ತಲೆ ಮಾಡಿ, ಅಂದರೆ ಎಲ್ಲವನ್ನೂ ಬಿಚ್ಚಿ, ತೊಳೆದರು. ನೀರಿನ ದಾರಿಗಳಿಗೆ ಫಲಕ ಬಿಗಿದು, ಒಳಗೆ ಗಾಳಿ ತುಂಬಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡುವ ಪರೀಕ್ಷೆ ಇದರಲ್ಲಿ ಬಹುಮುಖ್ಯವಾದದ್ದು. ತಣ್ಣಗಿರುವಾಗ ಮುಚ್ಚಿಕೊಂಡಿರುವ ಬಿರುಕು ಬಿಸಿಯಾದಾಗ ತೆರೆದುಕೊಳ್ಳುವುದರಿಂದ ನೀರು ಬಿಸಿ ಇರಲೇಬೇಕು. ತಣ್ಣೀರಿನಲ್ಲಿ ಮುಳುಗಿಸಿ ಸರಿಯಿದೆ ಎಂದು ಕೊಡುವವರ ಮಾತನ್ನು ನಂಬಬಾರದು. ಗುಳ್ಳೆ ಬರಲಿಲ್ಲ. ಬಳಿಕ ಮುಖದ ಮೇಲೆ ನೇರ ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಮೂಲೆಗೆ ಇಟ್ಟು ಕೆಳಗೆ ಸಂದು ಅಳೆಯುವ ಫೀಲರ್ ಗೇಜಿನ ಎಲೆ ತೂರಿಸಿದರು. 0.05 ಮಿ.ಮೀ. ಎಲೆ ನಡುವೆ ಒಂದು ಕಡೆ ತೂರಿತು. ಅದಕ್ಕಿಂತ ಹೆಚ್ಚು ಬಾಗಿದ್ದರೆ ಮುಖವನ್ನು ಹೆರೆದು ಸಮ ಮಾಡದೆ ಹಾಕುವಂತಿಲ್ಲ.

ಹೆರೆಯುವ ವಿಷಯದಲ್ಲಿ ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ಕೇಳಿ ತಿಳಿದುಕೊಳ್ಳುವವರು ಕಡಿಮೆ. ಗುಜರಿಯಲ್ಲಿ ಸಿಗುವ ಹೆಡ್ಡು ಹಿಂದೆ ಎಷ್ಟು ಸಲ ಹೆರೆಸಿಕೊಂಡಿದೆಯೆಂಬುದು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಮುಖ ಕನ್ನಡಿಯಂತಿದ್ದರೆ ಅದು ಒಳ್ಳೆಯ ಲಕ್ಷಣವೆಂದು ಸಂತೋಷಪಡುವ ಬದಲು ಎತ್ತರವನ್ನು ಅಳೆಯಬೇಕು. ವರ್ನಿಯರಿನಿಂದ ನಮ್ಮ ಹಳೆಯ, ಒಮ್ಮೆಯೂ ಹೆರೆಯದ ಹೆಡ್ಡಿನ ಎತ್ತರವನ್ನೂ ಇದರ ಎತ್ತರವನ್ನೂ ನಾಲ್ಕು ಮೂಲೆಗಳಲ್ಲಿ ಅಳೆದು ಹೋಲಿಸಿದೆವು. ಹಳೆಯ ಭಾಗವನ್ನು ಎಸೆಯಬಾರದೆಂಬುದಕ್ಕೆ ಇದೂ ಒಂದು ಕಾರಣ. 796 ಸಿಸಿಯನ್ನು ಮೂರಕ್ಕೆ ಹಂಚಿದರೆ ಒಂದು ಸಿಲಿಂಡರಿಗೆ ಸುಮಾರು 265 ಸಿಸಿ. ಅಷ್ಟನ್ನೂ ಒತ್ತಿ ಹಿಡಿದಿಡುವ ಮೇಲಿನ ಕೋಣೆ ಅದರ ಒಂದು ಚಿಕ್ಕ ಭಾಗ ಮಾತ್ರ. ಮುಖವನ್ನು ಅರ್ಧ ಮಿ.ಮೀ. ಹೆರೆದರೆ ಆ ಕೋಣೆಯಿಂದ ಹೆಚ್ಚೆಂದರೆ ಎರಡು ಸಿಸಿಗೆ ಹತ್ತಿರ ಕಡಿಮೆಯಾಗುತ್ತದೆ. ಕೇಳಲು ಅಲ್ಪವೆನಿಸಿದರೂ ಒತ್ತಡದ ಪ್ರಮಾಣ ಏರಿ ಏರುದಾರಿಯಲ್ಲಿ ಎಂಜಿನ್ ಕುಟ್ಟತೊಡಗುತ್ತದೆ. ಇದಲ್ಲದೆ ಕ್ಯಾಮ್‌ಶಾಫ್ಟ್ ಹೆಡ್ಡಿನೊಳಗೇ ಇರುವುದರಿಂದ, ಹೆಡ್ಡು ಕುಳ್ಳಾದಷ್ಟೂ ಅದು ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿಗೆ ಹತ್ತಿರವಾಗುತ್ತದೆ, ಟೈಮಿಂಗ್ ಬೆಲ್ಟಿನ ಲೆಕ್ಕದಲ್ಲಿ ವಾಲ್ವುಗಳು ತೆರೆಯುವ ಹೊತ್ತು ಸ್ವಲ್ಪ ಹಿಂದೆ ಬೀಳುತ್ತದೆ. ಒಂದೆರಡು ಸಲ ಹಗುರವಾಗಿ ಹೆರೆದದ್ದನ್ನು ಎಂಜಿನ್ ಸಹಿಸಿಕೊಳ್ಳುತ್ತದೆ, ಬಹಳ ಕುಳ್ಳಾದ ಹೆಡ್ಡನ್ನು ಯಾವ ಟ್ಯೂನಿಂಗಿನಿಂದಲೂ ಸರಿಪಡಿಸಲಾಗುವುದಿಲ್ಲ. ನಮಗೆ ಸಿಕ್ಕಿದ್ದು ಹಳೆಯದಕ್ಕಿಂತ 0.15 ಮಿ.ಮೀ. ಮಾತ್ರ ಕಡಿಮೆಯಿತ್ತು. ಅತಿ ತೆಳುವಾಗಿ ಒಂದು ಸಲ ಹೆರೆಸಿ, ವಾಲ್ವುಗಳನ್ನು ಸೀಟಿಗೆ ಉಜ್ಜಿಸಿ, ಕೋಣೆಗಳಿಗೆ ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಇಟ್ಟರು. ಬೆಳಗಿನ ಹೊತ್ತಿಗೆ ಹನಿಯೂ ಇಳಿದಿರಲಿಲ್ಲ.

ಹೆಡ್ಡಿನ ಕೆಳಗಿನ ಭಾಗಗಳನ್ನು ಬಳಸಿದ್ದು ಕೊಳ್ಳುವವರಿಗೆ ಅಳತೆಯ ಗೋಜು ಇನ್ನೂ ಹೆಚ್ಚು. ಗೌರಿಬಿದನೂರಿನ ನಮ್ಮ ಸೋದರಮಾವ ಇದೇ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟೊಂದನ್ನು ತಂದು, ಹೊಸ ಸ್ಟ್ಯಾಂಡರ್ಡ್ ಬೇರಿಂಗುಗಳನ್ನು ಕೊಂಡು ಜೋಡಣೆ ಮಾಡಿಸಿದರು. ಆ ಕ್ರ್ಯಾಂಕು ಹಿಂದೆ 0.25 ಮಿ.ಮೀ. ಉಜ್ಜಿಸಿಕೊಂಡಿತ್ತು, ಅಂದರೆ ಅದಕ್ಕೆ ಅಂಡರ್‌ಸೈಜ್ ಬೇರಿಂಗು ಬೇಕಿತ್ತು. ಇನ್ನೂರು ಕಿಲೋಮೀಟರ್ ಆಗುವುದರೊಳಗೆ ಅದು ಬಡಿಯತೊಡಗಿತು. ಮೈಕ್ರೋಮೀಟರ್ ಇಟ್ಟು ಬೇರಿಂಗು ಕೂರುವ ಪ್ರತಿ ಜರ್ನಲನ್ನೂ ಅಳೆಯುವ ಐದು ನಿಮಿಷದ ಕೆಲಸವನ್ನು ಅಂದು ಯಾರೂ ಮಾಡಿರಲಿಲ್ಲ. ಬ್ಲಾಕಿಗೂ ಇದೇ ಮಾತು. 68.5 ಮಿ.ಮೀ. ಸಿಲಿಂಡರನ್ನು ಬೋರ್ ಮಾಡಿಸಿದರೆ ಅದು 68.75 ಅಥವಾ 69 ಆಗಿರುತ್ತದೆ, ಪಿಸ್ಟನ್ನಿನ ತಲೆಯ ಮೇಲೆ ಓವರ್‌ಸೈಜಿನ ಅಂಕಿ ಕೊರೆದಿರುವುದುಂಟು, ರಿಂಗುಗಳನ್ನು ಆ ಅಂಕಿಗೆ ತಕ್ಕಂತೆಯೇ ಕೊಳ್ಳಬೇಕು. ಟೈಮಿಂಗ್ ಬೆಲ್ಟು, ಗ್ಯಾಸ್ಕೆಟ್ಟು, ಆಯಿಲ್ ಸೀಲು, ಬೇರಿಂಗು, ರಿಂಗು, ನೀರಿನ ಹೋಸು ಇವುಗಳನ್ನು ಬಳಸಿದ್ದು ಕೊಳ್ಳುವ ಯೋಚನೆಯನ್ನೇ ಮಾಡಬಾರದು.

ಬ್ಲಾಕಿನ ವಿಷಯದಲ್ಲಿ ಕಾನೂನಿನ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಎಂಜಿನ್ ಸಂಖ್ಯೆ ಕೊರೆದಿರುವುದು ಬ್ಲಾಕಿನ ಮೇಲೆ. ಹೆಡ್ಡು ಬದಲಾಯಿಸಿದರೆ ಆರ್‌ಸಿಯಲ್ಲಿ ಏನೂ ಬದಲಾಗುವುದಿಲ್ಲ, ಬ್ಲಾಕನ್ನೋ ಇಡೀ ಎಂಜಿನ್ನನ್ನೋ ಬದಲಾಯಿಸಿದರೆ ಆರ್‌ಸಿಯ ಸಂಖ್ಯೆಯೂ ಗಾಡಿಯ ಸಂಖ್ಯೆಯೂ ಬೇರೆಯಾಗುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗಳ ಕುರಿತದ್ದು. ಖಾಸಗಿ ಗಾಡಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಾಗಿರುವುದರಿಂದ, ಹಳೆಯ ಗಾಡಿಯ ಎಂಜಿನ್ ಸಂಖ್ಯೆಯನ್ನು ಆರ್‌ಟಿಓ ಇನ್ಸ್‌ಪೆಕ್ಟರ್ ಮತ್ತೆ ಮತ್ತೆ ನೋಡುತ್ತಾರೆ. ಆದ್ದರಿಂದ ಎಂಜಿನ್ ಕೊಳ್ಳುವ ಮುನ್ನವೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಯಾವ ಗಾಡಿಯಿಂದ ಇಳಿಸಿದ ಎಂಜಿನ್ ಎಂಬ ದಾಖಲೆ ಮತ್ತು ಬಿಲ್ಲು ಎರಡನ್ನೂ ಪಡೆಯಬೇಕು. ಸಂಖ್ಯೆಯ ಜಾಗವನ್ನು ಉಜ್ಜಿ ಅಳಿಸಿರುವ ಬ್ಲಾಕನ್ನು ಯಾವ ಬೆಲೆಗೂ ಮುಟ್ಟಬಾರದು. ಅದು ಕದ್ದ ಗಾಡಿಯದಾಗಿದ್ದರೆ ನಷ್ಟ ಹಣಕ್ಕೆ ಮಾತ್ರ ನಿಲ್ಲುವುದಿಲ್ಲ.

ಹೆಡ್ಡು ಕೂತ ದಿನ ಭಾಯ್ ಕೈಯಲ್ಲೇ ಎಂಜಿನ್ನನ್ನು ಎರಡು ಪೂರ್ಣ ಸುತ್ತು ತಿರುಗಿಸಿ, ಎಲ್ಲೂ ಏನೂ ತಗುಲುವುದಿಲ್ಲವೆಂದು ನೋಡಿ, ಆಮೇಲೆ ಕೀಲಿ ಕೊಟ್ಟರು. ನಾನು ಗಡಿಯಾರ ಹಿಡಿದು ನಿಂತಿದ್ದೆ. ಒಂದು ನಿಮಿಷ ಕಳೆಯಿತು, ಐದು ಕಳೆಯಿತು, ಪಂಪಿನ ಪೈಪಿನಲ್ಲಿ ಪೆಟ್ರೋಲ್ ಬರುತ್ತಲೇ ಇತ್ತು. ಐನೂರು ಕಿಲೋಮೀಟರ್ ಆದ ಮೇಲೆ ಟ್ಯಾಪೆಟ್ಟುಗಳನ್ನು ಮತ್ತೆ ಹೊಂದಿಸಿದೆವು. ಈಗ ರೇಡಿಯೇಟರಿಗೆ ಕೂಲಂಟ್ ಮತ್ತು ಭಟ್ಟಿ ಇಳಿಸಿದ ನೀರು ಮಾತ್ರ ಹೋಗುತ್ತದೆ. ಒಳಗೆ ಯಾವ ಹೆಡ್ಡಿದೆ, ಅದರ ಎತ್ತರವೆಷ್ಟು, ಯಾವಾಗ ಹೆರೆದದ್ದು ಎಂಬುದನ್ನು ಬರೆದ ಒಂದು ಚೀಟಿ ಆರ್‌ಸಿಯ ಜೊತೆಗೇ ಇದೆ.

ಹಳೆಯ ಹೆಡ್ಡನ್ನು ಗುಜರಿಗೆ ಹಾಕಿಲ್ಲ. ಅದು ಹುಳುಮನೆಯ ಅಟ್ಟದ ಮೇಲೆ ಅದೇ ಗೋಣಿಚೀಲದಲ್ಲಿತ್ತು. ಹೋದ ತಿಂಗಳು ಚಿಂತಾಮಣಿ ಕಡೆಯ ಒಬ್ಬ ರೈತರು, ನಮ್ಮದೇ ವರ್ಷದ ಓಮ್ನಿಯವರು, ಭಾಯ್ ಕಳಿಸಿದರೆಂದು ಮನೆಗೆ ಬಂದರು. ಅವರ ಹೆಡ್ಡನ್ನು ಬೇರೆ ಗ್ಯಾರೇಜಿನವರು ಆಗಲೇ ತೂಕಕ್ಕೆ ಕೊಟ್ಟುಬಿಟ್ಟಿದ್ದರಂತೆ, ಹೋಲಿಸಿ ನೋಡಲು ಕೈಯಲ್ಲಿ ಏನೂ ಇರಲಿಲ್ಲ. ಚೀಲವನ್ನು ಅವರ ಬೈಕಿನ ಹಿಂದಕ್ಕೆ ಕಟ್ಟಿಕೊಟ್ಟು, ಶಿವಾಜಿನಗರಕ್ಕೆ ಹೋಗುವ ಮೊದಲು ಹೊಸ ಗ್ಯಾಸ್ಕೆಟ್ ಕೊಂಡುಕೊಳ್ಳಿ ಎಂದು ಹೇಳಿ ಕಳಿಸಿದೆ.